ರೇಡಾನ್‌ಗೆ ‘ಒಡ್ಡಿಕೊಳ್ಳುವುದು’: ಈ ಮಾತಿಗೆ ನಮ್ಮ ಕಡೆ ಬೇರೆ ಶಬ್ದವಿದೆಯೇ?

ಶಬ್ದ ಬಲ್ಲ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ನಮಸ್ಕಾರ.

ನನ್ನ ತಂಗಿಯ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ನೆಲದಿಂದ ಎದ್ದು ಮನೆಯೊಳಗೆ ಸೇರುವ ರೇಡಾನ್ ಎಂಬ ವಿಕಿರಣಶೀಲ ಅನಿಲದ ಕುರಿತು ಊರ ಜನರಿಗೆ ತಿಳಿಸಿ ಹೇಳುವ ಎರಡು ಪುಟದ ಕರಪತ್ರವನ್ನೂ, ಮನೆಮನೆಗೆ ಹೋಗಿ ತುಂಬಿಸಿಕೊಳ್ಳುವ ಒಂದು ಹಾಳೆಯನ್ನೂ ಅವಳು ಸಿದ್ಧಪಡಿಸಿದ್ದಾಳೆ. ಅದರ ಕನ್ನಡವನ್ನು ತಿದ್ದಿಕೊಡುವ ಕೆಲಸ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳೆಂಬ ಕಾರಣಕ್ಕೆ ನನ್ನ ಪಾಲಿಗೆ ಬಂತು. ಎರಡು ಸಂಜೆಯ ಕೆಲಸವೆಂದು ಕೈಗೆತ್ತಿಕೊಂಡವಳು ಮೂರು ವಾರದಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ವಾಕ್ಯ ಇದು: ‘ಮನೆಯೊಳಗೆ ರೇಡಾನ್‌ಗೆ ಒಡ್ಡಿಕೊಳ್ಳುವುದರಿಂದ ಸ್ಥಳೀಯ ಸಮುದಾಯಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ.’ ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಪಠ್ಯಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇಂಥ ವಾಕ್ಯಗಳನ್ನು ನಾವು ದಿನವೂ ಓದುತ್ತೇವೆ. ಆದರೆ ಚಿತ್ತಾಪುರ ತಾಲ್ಲೂಕಿನ ಒಂದು ಊರಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಕುಳಿತ ಹತ್ತು ಹನ್ನೆರಡು ಮಂದಿಯ ಎದುರು ಇದನ್ನು ಗಟ್ಟಿಯಾಗಿ ಓದಿದಾಗ, ಅದರ ಒಂದೊಂದು ಶಬ್ದವೂ ನಾವು ಬರೆದ ಅರ್ಥವನ್ನು ಬಿಟ್ಟು ಬೇರೆ ಕಡೆಗೆ ಹೋಯಿತು.

ಮೊದಲು ಎದ್ದ ಪ್ರಶ್ನೆ ಒಬ್ಬ ಹಿರಿಯರದು: “ಯಾವ ಸಮುದಾಯದವರಿಗ್ರಿ ಅಕ್ಕೋರೆ ಇದು?” ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಇಂದಿನ ಕನ್ನಡದಲ್ಲಿ ‘ಸಮುದಾಯ’ವೆಂದರೆ ಜಾತಿ, ಸಮುದಾಯ ಭವನದ ಬೋರ್ಡಿನಿಂದ ಹಿಡಿದು ಚುನಾವಣೆಯ ಸುದ್ದಿಯವರೆಗೆ ಎಲ್ಲ ಕಡೆಯೂ ಆ ಶಬ್ದ ಅದೇ ಅರ್ಥಕ್ಕೆ ನಿಂತಿದೆ. ಅದನ್ನು ಅಲ್ಲಿಯೇ ಹೊಡೆದುಹಾಕಿ ‘ಊರ ಮಂದಿ’ ಎಂದು ಬರೆದುಕೊಂಡೆ, ಆ ವಿಷಯ ಅಲ್ಲಿಗೆ ಮುಗಿಯಿತು.

‘ಒಡ್ಡಿಕೊಳ್ಳುವುದು’ ಹಾಗೆ ಮುಗಿಯಲಿಲ್ಲ. ಕಟ್ಟೆಯ ತುದಿಗೆ ಕುಳಿತಿದ್ದ ಒಬ್ಬ ಆಯಿ, ಎಪ್ಪತ್ತು ದಾಟಿದವರು, ನನ್ನ ಮುಖವನ್ನೇ ನೋಡಿ ಕೇಳಿದರು: “ನಾವೇನು ಬೇಕಂತ ಎದಿ ಒಡ್ಡೀವೇನವ್ವ ಅದಕ್ಕ?” ನನ್ನ ಬಳಿ ಉತ್ತರವಿರಲಿಲ್ಲ. ಕೈಯೊಡ್ಡುತ್ತೇವೆ, ಸೆರಗೊಡ್ಡುತ್ತೇವೆ, ಗುಂಡಿಗೆ ಎದೆಯೊಡ್ಡುತ್ತೇವೆ, ಕತ್ತಿಗೆ ಕೊರಳೊಡ್ಡುತ್ತೇವೆ. ಇವೆಲ್ಲವೂ ತಿಳಿದು, ಮನಸ್ಸು ಮಾಡಿ, ಮುಂದೆ ಬಂದು ಮಾಡುವ ಕೆಲಸಗಳು. ಹಿಂದೆ ‘ಕೊಳ್ಳು’ ಸೇರಿದಾಗ ಆ ಇಚ್ಛೆಯ ಭಾವ ಇನ್ನಷ್ಟು ಗಟ್ಟಿಯಾಗುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯಿಲ್ಲದ ಒಂದು ಅನಿಲ ತಾನು ಮಲಗಿದ ನೆಲದಿಂದ ಏಳುತ್ತದೆಂಬುದೇ ಗೊತ್ತಿಲ್ಲದ ಹೆಣ್ಣುಮಗಳು ಅದಕ್ಕೆ ‘ಒಡ್ಡಿಕೊಂಡಳು’ ಎಂದು ಬರೆದರೆ, ನಾವು ಕಾಯಿಲೆಯ ಜೊತೆಗೆ ತಪ್ಪನ್ನೂ ಅವಳ ತಲೆಗೆ ಕಟ್ಟಿದಂತಾಗುತ್ತದೆ. ಇದು ನನಗೆ ಬರಿಯ ಶೈಲಿಯ ಮಾತಾಗಿ ಕಾಣುವುದಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮ ಕಡೆ ‘ಒಡ್ಡು’ ಎಂದರೆ ಹೊಲದ ಒಡ್ಡು. ಮಳೆಯ ನೀರು ಹರಿದು ಹೋಗದಂತೆ, ಮಣ್ಣು ಕೊಚ್ಚಿಹೋಗದಂತೆ ತಡೆಯುವುದು. ಕಟ್ಟೆಯ ಮೇಲಿದ್ದ ಇಬ್ಬರು ರೈತರು ‘ರೇಡಾನ್ ಒಡ್ಡು’ ಎಂದರೆ ರೇಡಾನನ್ನು ತಡೆಯುವ ಉಪಾಯವೆಂದೇ ತಿಳಿದಿದ್ದರು.

ಹಾಗಾದರೆ ಏನು ಹೇಳಬೇಕು? ನಾನು ಒಂದೊಂದಾಗಿ ಪರೀಕ್ಷಿಸಿದ ಶಬ್ದಗಳನ್ನು ಇಲ್ಲಿ ಇಡುತ್ತೇನೆ. ಆದರೆ ಅದಕ್ಕೂ ಮೊದಲು ಆ ಶಬ್ದ ಯಾವ ಸಂಗತಿಯನ್ನು ಹೊರಬೇಕಾಗಿದೆ ಎಂಬುದನ್ನು, ನನ್ನ ತಂಗಿಯ ಮಗಳು ನನಗೆ ಕಲಿಸಿದಷ್ಟು ಮಟ್ಟಿಗೆ, ಹೇಳಬೇಕು. ಮಣ್ಣಿನಲ್ಲಿಯೂ ಕಲ್ಲಿನಲ್ಲಿಯೂ ಎಲ್ಲ ಕಡೆ ಅಷ್ಟೋ ಇಷ್ಟೋ ಯುರೇನಿಯಂ ಇರುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿರುವುದರಿಂದ, ನಮ್ಮವರು ಇದು ಗೋಗಿಯವರ ಸಮಸ್ಯೆ ಮಾತ್ರವೆಂದು ತಿಳಿಯುವುದುಂಟು, ಹಾಗಲ್ಲ. ಸಾಮಾನ್ಯವಾಗಿ ಗ್ರಾನೈಟಿನಂಥ ಕಲ್ಲಿನಲ್ಲಿ ಅದು ಹೆಚ್ಚು, ಕರಿಕಲ್ಲಿನ ಬಸಾಲ್ಟಿನಲ್ಲಿ ಕಡಿಮೆ, ಅಷ್ಟೇ. ಯುರೇನಿಯಂ ಒಡೆಯುತ್ತ ಒಡೆಯುತ್ತ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಹಿಂದಿನವೆಲ್ಲ ಘನವಸ್ತುಗಳು, ಕಲ್ಲಿನಲ್ಲಿಯೇ ಉಳಿಯುತ್ತವೆ; ರೇಡಾನ್ ಮಾತ್ರ ಅನಿಲವಾದ್ದರಿಂದ ಮಣ್ಣಿನ ಸಂದಿನಿಂದ ಮೇಲಕ್ಕೆ ಬರುತ್ತದೆ. ಬಯಲಿನಲ್ಲಿ ಗಾಳಿಯೊಡನೆ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ಉಸಿರಿನ ಜೊತೆ ಒಳಗೆ ಹೋದ ರೇಡಾನ್ ಬಹುಮಟ್ಟಿಗೆ ಹಾಗೆಯೇ ಹೊರಗೆ ಬರುತ್ತದೆ. ಆದರೆ ಅದು ಒಡೆದು ಹುಟ್ಟುವ ಪೊಲೋನಿಯಂ ಘನವಸ್ತು. ಅದು ಧೂಳಿಗೆ ಅಂಟಿ ಒಳಹೋಗಿ ಶ್ವಾಸನಾಳದ ಒಳಮೈಗೆ ಹಿಡಿದುಕೊಂಡು, ಅಲ್ಲಿಯೇ ಜೀವಕೋಶಗಳಿಗೆ ಘಾಸಿ ಮಾಡುವ ಆಲ್ಫಾ ಕಣಗಳನ್ನು ಚಿಮ್ಮಿಸುತ್ತದೆ. ಹೀಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ. ಆದ್ದರಿಂದ ನಮಗೆ ಬೇಕಾದ ಶಬ್ದದಲ್ಲಿ ಮೂರು ಗುಣ ಒಟ್ಟಿಗೆ ಇರಬೇಕು: ಅದರಲ್ಲಿ ಇಚ್ಛೆ ಇರಬಾರದು, ಒಬ್ಬರಿಂದ ಒಬ್ಬರಿಗೆ ಅಂಟುವ ಭಾವ ಬರಬಾರದು, ಒಂದು ದಿನದ್ದಲ್ಲ, ವರ್ಷಗಟ್ಟಲೆ ಕೂಡುತ್ತ ಹೋಗುವಂಥದ್ದು ಎಂಬುದು ಕಿವಿಗೆ ಬೀಳಬೇಕು.

‘ಸೋಂಕು’ ನನ್ನ ಮನಸ್ಸಿಗೆ ಮೊದಲು ಬಂದ ಶಬ್ದ. ಹಳೆಯ ಕನ್ನಡದಲ್ಲಿ ಅದರ ಅರ್ಥ ಬರಿಯ ಸ್ಪರ್ಶ, ತಾಗುವಿಕೆ. ಎಷ್ಟು ಹಗುರವಾದ, ಎಷ್ಟು ನಿಖರವಾದ ಶಬ್ದ! ಆದರೆ 2020ರ ನಂತರ ‘ಸೋಂಕಿತ’ ಎಂದರೆ ಊರಿನಿಂದ ದೂರವಿಡಬೇಕಾದವನೆಂಬ ಅರ್ಥ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ರೇಡಾನ್ ಹೆಚ್ಚಿರುವ ಮನೆಯವರನ್ನು ‘ರೇಡಾನ್ ಸೋಂಕಿತರು’ ಎಂದರೆ ಆ ಮನೆಗೆ ನೀರು ಕೇಳಲೂ ಯಾರೂ ಹೋಗುವುದಿಲ್ಲ. ‘ಸಂಪರ್ಕ’ವೂ ಅದೇ ದಾರಿ ಹಿಡಿದಿದೆ. ‘ತಗಲು’, ‘ತಾಗು’ ಎಂಬವು ಒಮ್ಮೆಗೆ ಆಗುವ ಕ್ರಿಯೆಗಳು.

ನಮ್ಮ ಕಡೆ ಬೇಸಿಗೆಯಲ್ಲಿ ‘ಝಳ ಬಡೀತು’, ‘ಬಿಸಿಲು ಹತ್ತೇದ’ ಎನ್ನುತ್ತೇವೆ. ಅದರಲ್ಲಿ ಇಚ್ಛೆ ಇಲ್ಲ, ಅಂಟುವಿಕೆಯೂ ಇಲ್ಲ. ಸಂತೋಷದಿಂದ ‘ರೇಡಾನ್ ಗಾಳಿ ಬಡಿಯುವುದರಿಂದ’ ಎಂದು ಬರೆದೇಬಿಟ್ಟೆ. ಮನೆಯಲ್ಲಿ ಓದಿದಾಗ ನನ್ನ ತಮ್ಮನ ಹೆಂಡತಿ ಗಾಬರಿಯಿಂದ, “ವೈನಿ, ಗಾಳಿ ಬಡೀತಂದ್ರ ಮಂದಿ ದರ್ಗಾಕ್ಕ ಕರ್ಕೊಂಡು ಹೋಗ್ತಾರ, ದವಾಖಾನಿಗಲ್ಲ” ಎಂದಳು. ನಿಜ. ‘ಗಾಳಿ’ ಎಂಬುದಕ್ಕೆ ನಮ್ಮಲ್ಲಿ ದೆವ್ವದ ಅರ್ಥವೂ ಇದೆ, ಅದು ಬಡಿಯುವುದೂ ಹಿಡಿಯುವುದೂ ಬಿಡುವುದೂ ನಮ್ಮ ದಿನದ ಮಾತಿನಲ್ಲಿಯೇ ಇದೆ. ಕಣ್ಣಿಗೆ ಕಾಣದ್ದು, ಮನೆಯಲ್ಲಿ ಸೇರಿಕೊಂಡದ್ದು, ನೆಲದಿಂದ ಎದ್ದದ್ದು ಎಂಬ ವಿವರಣೆಯ ಜೊತೆಗೆ ‘ಗಾಳಿ ಬಡಿಯಿತು’ ಎಂದೂ ಸೇರಿಸಿದರೆ ಕೇಳುವವರು ಬೇರೇನು ತಿಳಿಯಬೇಕು? ಅದನ್ನು ಬಿಟ್ಟು ‘ಗ್ಯಾಸ್’ ಎಂದರೆ ಸಿಲಿಂಡರು ನೆನಪಾಗುತ್ತದೆ, ಕೂಡಲೇ ‘ವಾಸನಿ ಬರ್ತದೇನ್ರಿ?’ ಎಂಬ ಪ್ರಶ್ನೆ ಬರುತ್ತದೆ. ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದು ಅದಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ರೇಡಾನಿಗೆ ಅಂಥ ಉಪಕಾರ ಮಾಡಿದವರಿಲ್ಲ. ಕೊನೆಗೆ ‘ಅನಿಲ’ವನ್ನೇ ಉಳಿಸಿಕೊಂಡೆ. ಪುಸ್ತಕದ ಶಬ್ದವಾದರೂ ದಾರಿ ತಪ್ಪಿಸುವುದಿಲ್ಲ.

ನಡುವೆ ಒಂದು ಮಾತು. ‘ರೇಡಿಯಂ’ ಹುಟ್ಟಿದ್ದು ಕಿರಣವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ. 1900ರಲ್ಲಿ ಜರ್ಮನಿಯ ಫ್ರೀಡ್ರಿಕ್ ಡಾರ್ನ್ ರೇಡಿಯಂನಿಂದ ಒಂದು ಅನಿಲ ಹೊರಬರುವುದನ್ನು ಗುರುತಿಸಿದಾಗ ಅದನ್ನು ‘ರೇಡಿಯಂ ಎಮನೇಷನ್’ ಎಂದು, ಅಂದರೆ ರೇಡಿಯಂ ಸೂಸಿದ್ದು ಎಂದು ಕರೆದರು. ಕೆಲವು ಕಾಲ ‘ನೈಟಾನ್’ ಎಂಬ ಹೆಸರೂ ಇತ್ತು. ‘ರೇಡಾನ್’ ಎಂಬುದು 1920ರ ದಶಕದಲ್ಲಿ ನಿಂತ ಹೆಸರು. ನಮ್ಮ ‘ಸೂಸು’ ಆ ಮೊದಲ ಹೆಸರಿನ ಅರ್ಥಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ: ನೆಲ ಸೂಸುತ್ತದೆ. ಕರಪತ್ರದಲ್ಲಿ ಈ ಕ್ರಿಯಾಪದವನ್ನು ನಾನು ಧೈರ್ಯವಾಗಿ ಬಳಸಿದ್ದೇನೆ.

‘ಕ್ಷಯ’ ಮತ್ತು ‘ಅರ್ಧಾಯು’ ಎಂಬ ಎರಡು ಶಬ್ದಗಳನ್ನು ಪೂರ್ತಿಯಾಗಿ ತೆಗೆದುಹಾಕಿದೆ. ಶ್ವಾಸಕೋಶದ ಮಾತು ನಡೆದಿರುವಾಗ ‘ರೇಡಾನ್ ಕ್ಷಯಿಸುತ್ತದೆ’ ಎಂದರೆ ಟಿ.ಬಿ. ಎಂದೇ ಕೇಳಿಸುತ್ತದೆ. ‘ರೇಡಾನಿನ ಅರ್ಧಾಯು 3.8 ದಿನ’ ಎಂದಾಗ ಕಟ್ಟೆಯ ಮೇಲೆ ಒಬ್ಬರು, ಇದು ತಾಗಿದವರು ಅರ್ಧ ಆಯುಷ್ಯದಲ್ಲಿ ಹೋಗುತ್ತಾರೆಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಈಗ ‘ಒಡೆಯುತ್ತದೆ’ ಎಂದೂ, ‘ಸುಮಾರು ನಾಲ್ಕು ದಿನಕ್ಕೆ ಇದ್ದದ್ದು ಅರ್ಧಕ್ಕೆ ಇಳಿಯುತ್ತದೆ’ ಎಂದೂ ಬರೆದಿದ್ದೇನೆ. ಪರಿಭಾಷೆಯ ಪಂಡಿತರು ಕ್ಷಮಿಸಬೇಕು.

‘ಅಪಾಯ’ದ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಮನೆಯ ಗಾಳಿಯಲ್ಲಿ ಒಂದು ಘನಮೀಟರಿಗೆ ರೇಡಾನ್ 100 ಬೆಕೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆಂಬ ಅಳತೆ) ಹೆಚ್ಚಾದಂತೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಶೇ 16ರಷ್ಟು ಹೆಚ್ಚುತ್ತದೆಂದು ಯೂರೋಪಿನ 9 ದೇಶಗಳ 13 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರ ಕೈಪಿಡಿಯಲ್ಲಿ 100 ಬೆಕೆರೆಲ್ಲಿನ ಒಳಗಿರಲಿ, ಅದು ಸಾಧ್ಯವಾಗದ ಕಡೆ 300 ದಾಟದಿರಲಿ ಎಂದಿದೆ. ಆದರೆ ‘ಶೇ 16ರಷ್ಟು ಅಪಾಯ’ ಎಂದು ಓದಿದ ಕೂಡಲೇ ಕೇಳಿದವರ ಲೆಕ್ಕ, ನೂರು ಮಂದಿಯಲ್ಲಿ ಹದಿನಾರು ಮಂದಿಗೆ ಕ್ಯಾನ್ಸರ್ ಬರುತ್ತದೆ ಎಂಬುದು. ಅದೇ ಲೆಕ್ಕವನ್ನು ಹೀಗೆ ಹೇಳಬಹುದು: ಎಂದೂ ಹೊಗೆ ಸೇದದ ಸಾವಿರ ಮಂದಿಯಲ್ಲಿ 75 ವರ್ಷದೊಳಗೆ ಈ ಕ್ಯಾನ್ಸರ್ ಬರುವವರು, ರೇಡಾನ್ ಇಲ್ಲದಿದ್ದರೆ ಸುಮಾರು 4, 100 ಬೆಕೆರೆಲ್ ಇದ್ದರೆ 5, 400 ಇದ್ದರೆ 7; ಸಿಗರೇಟು ಸೇದುವವರಲ್ಲಿ ಅದೇ ಕ್ರಮದಲ್ಲಿ 100, 120, 160. ಈ ಸಾಲನ್ನು ಓದಿದಾಗ ಯಾರಿಗೂ ಗೊಂದಲವಾಗಲಿಲ್ಲ. ಜೇಬಿನಲ್ಲಿ ಬೀಡಿ ಕಟ್ಟು ಇಟ್ಟುಕೊಂಡಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಶಬ್ದವಾಗಿ ‘ಗಂಡಾಂತರ’ ಒಪ್ಪುವುದಿಲ್ಲ, ಅದು ಒಮ್ಮೆ ಬಂದು ಪಾರಾಗುವಂಥದ್ದು. ನಮ್ಮ ಕಡೆಯ ‘ಧೋಕಾ’ದಲ್ಲಿ ಅಪಾಯವೂ ಇದೆ, ಗೊತ್ತಾಗದಂತೆ ಮೋಸಹೋಗುವ ಭಾವವೂ ಇದೆ, ‘ಅದರಾಗ ಧೋಕಾ ಅದ’ ಎಂದು ದಿನವೂ ಆಡುತ್ತೇವೆ. ಆದರೆ ಮೈಸೂರಿನವರು ಓದಿದರೆ ರೇಡಾನ್ ಯಾರಿಗೋ ವಂಚನೆ ಮಾಡಿತೆಂದು ತಿಳಿದಾರು ಎಂಬ ಅಳುಕು.

ಈಗ ಮತ್ತೆ ನನ್ನ ಮೂಲ ಪ್ರಶ್ನೆ. ಎರಡನೆಯ ಸಲ ಹೋದಾಗ ಆ ಆಯಿಯ ಮನೆಯಲ್ಲಿಯೇ ಕುಳಿತಿದ್ದೆವು. ಶಹಾಬಾದ ಪರ್ಸಿ ಹಾಸಿದ ನೆಲ. ಅಡುಗೆಮನೆಯ ಮೂಲೆಯಲ್ಲಿ ಎರಡು ಕಲ್ಲುಗಳ ನಡುವಿನ ಸಂದಿನ ಸಿಮೆಂಟು ಬಿಟ್ಟು, ಇರುವೆಗಳು ರವೆಯಂಥ ಮಣ್ಣನ್ನು ಮೇಲಕ್ಕೆ ಗುಪ್ಪೆ ಹಾಕಿದ್ದವು. ನನ್ನ ತಂಗಿಯ ಮಗಳು ಬಗ್ಗಿ ಬೆರಳಿಟ್ಟು, “ಆಯಿ, ಇರಿವಿ ಬರೋ ಈ ಸಂದಿನಾಗಿಂದನ ಅದೂ ಬರ್ತದ” ಎಂದಳು. ಆಯಿ ಬಹಳ ಹೊತ್ತು ಆ ಗುಪ್ಪೆಯನ್ನೇ ನೋಡಿದರು. ಆಮೇಲೆ ತಲೆಯೆತ್ತಿ, ಒಲೆಯ ಮೇಲಿನ ಕಪ್ಪಾದ ಜಂತಿಯನ್ನು ತೋರಿಸಿ ಹೇಳಿದರು: “ಹಂಗಾದ್ರ ಆ ಜಂತಿ ಹೊಗಿ ಕುಡದಂಗ ನಮ್ಮೆದಿ ಇದನ್ನ ಕುಡದದ ಅನ್ರಿ.”

ಕುಡಿಯುವುದು! ಹೊಗೆ ಕುಡಿದ ಜಂತಿ, ಎಣ್ಣೆ ಕುಡಿದ ಬತ್ತಿ, ನೀರು ಕುಡಿದ ಗೋಡೆ. ಜಂತಿ ಬೇಕೆಂದು ಕುಡಿಯಲಿಲ್ಲ, ಪಕ್ಕದ ಜಂತಿಗೆ ಅಂಟಿಸಲೂ ಇಲ್ಲ, ಒಂದು ದಿನದಲ್ಲಿ ಕಪ್ಪಾಗಲೂ ಇಲ್ಲ. ನಾನು ಹುಡುಕುತ್ತಿದ್ದ ಮೂರು ಗುಣಗಳೂ ಆ ಒಂದು ಮಾತಿನಲ್ಲಿದ್ದವು. ಈಗ ಕರಪತ್ರದ ವಾಕ್ಯ ಹೀಗಿದೆ: ‘ನೆಲ ಸೂಸುವ ರೇಡಾನ್ ಎಂಬ ಅನಿಲವನ್ನು ಮುಚ್ಚಿದ ಮನೆಯೊಳಗೆ ನಮ್ಮ ಎದೆ ವರ್ಷಗಟ್ಟಲೆ ಕುಡಿದರೆ, ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ, ಆದ್ದರಿಂದ ನೆಲದ ಸಂದುಗಳನ್ನು ತುಂಬಿರಿ, ಬೆಳಕಿಂಡಿ ತೆರೆದಿಡಿರಿ, ಮನೆಯೊಳಗೆ ಗಾಳಿಯಾಡಲಿ.’

ವಾಕ್ಯವೇನೋ ಕೂತಿತು, ಹಾಳೆಯ ಕಲಂ ತಲೆಬರಹ ಕೂರುತ್ತಿಲ್ಲ. ಅಲ್ಲಿ ನಾಮಪದವೇ ಬೇಕು, ‘ಕುಡಿ’ಯಿಂದ ಬರುವ ನಾಮಪದ ‘ಕುಡಿತ’. ‘ರೇಡಾನ್ ಕುಡಿತ’ ಎಂದು ಬರೆದು ಮನೆಯ ಯಜಮಾನನ ಮುಂದೆ ಹಿಡಿಯಲು ಆಗುವುದೇ? ಸದ್ಯಕ್ಕೆ ಒಂದು ಕಲಂನಲ್ಲಿ ‘ಮನೆಯ ಗಾಳಿಯಲ್ಲಿ ರೇಡಾನ್ ಎಷ್ಟು’ ಎಂದೂ, ಪಕ್ಕದಲ್ಲಿ ‘ಈ ಮನೆಯಲ್ಲಿ ಎಷ್ಟು ವರ್ಷದಿಂದ ವಾಸ’ ಎಂದೂ ಬರೆದಿದ್ದೇವೆ. ಎರಡನ್ನೂ ಕೂಡಿಸಿ ಹೇಳಬೇಕಾದ ಮೂರನೆಯ ಕಲಂನ ತಲೆ ಖಾಲಿಯಿದೆ. “ದೊಡ್ಡವ್ವ, ‘ಒಡ್ಡಿಕೆ’ ಅಂತನ ಬರದುಬಿಡಲೇನು?” ಎಂದು ಹುಡುಗಿ ದಿನವೂ ಕೇಳುತ್ತಿದ್ದಾಳೆ, ನಾನು ಬೇಡವೆನ್ನುತ್ತಿದ್ದೇನೆ.

ಬೀದರ್, ಭಾಲ್ಕಿ, ಆಳಂದ, ಸುರಪುರದ ಕಡೆಯವರು ಯಾರಾದರೂ, ಹೊಗೆಯನ್ನೋ ತೇವವನ್ನೋ ಧೂಳನ್ನೋ ಮೈಯಾಗಲಿ ಮನೆಯಾಗಲಿ ನಿಧಾನವಾಗಿ ಹೀರಿಕೊಂಡಿದೆ ಎನ್ನಲು ನಿಮ್ಮ ಮನೆಯ ಹಿರಿಯರು ಆಡುವ ನಾಮಪದವೊಂದಿದ್ದರೆ, ಅದನ್ನು ಬಳಸುವ ಒಂದು ಪೂರ್ಣ ವಾಕ್ಯದೊಡನೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಲ್ಲಿನ ಗಣಿಗಳಲ್ಲಿ, ಪರ್ಸಿ ಪಾಲಿಶ್ ಮಾಡುವ ಕಡೆ ದುಡಿದವರ ಮಾತಿನಲ್ಲಿ ಅಂಥ ಶಬ್ದ ಇದ್ದೇ ಇರಬೇಕೆಂದು ನನಗೆ ಅನ್ನಿಸುತ್ತದೆ.