72 ವೋಲ್ಟ್ ಬಿಎಲ್‌ಡಿಸಿ ಕಂಟ್ರೋಲರ್: ಲೋಡ್ ಬಿದ್ದ ಕೂಡಲೇ ಸಿ ಫೇಸಿನ ಮಾಸ್ಫೆಟ್ ಸುಡುತ್ತಿದೆ

ಗಾಡಿ_ಬೆಸುಗೆ:
ನಮಸ್ಕಾರ. ಹಳೇ ಸ್ಕೂಟರಿಗೆ 3 ಕಿಲೋವ್ಯಾಟ್ ಹಬ್ ಮೋಟರ್ (ಚಕ್ರದೊಳಗೇ ಇರುವ, ಬ್ರಷ್ ಇಲ್ಲದ ಬಿಎಲ್‌ಡಿಸಿ ಮೋಟರ್) ಕೂರಿಸಿ, ಕಂಟ್ರೋಲರನ್ನು ನಾನೇ ಕಟ್ಟುತ್ತಿದ್ದೇನೆ. ಬ್ಯಾಟರಿ 20 ಸೆಲ್ ಸೀರೀಸ್ ಲಿಥಿಯಂ ಅಯಾನ್, ಫುಲ್ ಚಾರ್ಜ್ ಆದಾಗ 84 ವೋಲ್ಟ್. ಮೋಟರಿನ ಎ, ಬಿ, ಸಿ ಎಂಬ ಮೂರು ಫೇಸಿಗೆ ಮೇಲೊಂದು ಕೆಳಗೊಂದರಂತೆ ಆರು ಸ್ವಿಚ್. ಪ್ರತಿ ಸ್ವಿಚ್ಚಿಗೆ ನಾಲ್ಕು ಐಆರ್‌ಎಫ್‌ಬಿ4110 ಮಾಸ್ಫೆಟ್ (ಸ್ವಿಚ್ಚಿನಂತೆ ಕರೆಂಟ್ ಆನ್ ಆಫ್ ಮಾಡುವ ಟ್ರಾನ್ಸಿಸ್ಟರ್) ಪ್ಯಾರಲಲ್, ಒಟ್ಟು 24. ಡ್ರೈವರ್ ಐಆರ್2110, ಗೇಟಿಗೆ (ಮಾಸ್ಫೆಟ್ಟನ್ನು ಆನ್ ಆಫ್ ಮಾಡುವ ಕಾಲಿಗೆ) 12 ವೋಲ್ಟ್, ಪಿಡಬ್ಲ್ಯೂಎಂ (ಬೇಗಬೇಗ ಆನ್ ಆಫ್ ಮಾಡಿ ಪವರ್ ಹಿಡಿತದಲ್ಲಿಡುವುದು) 16 ಕಿಲೋಹರ್ಟ್ಸ್. ಚಕ್ರ ಎಲ್ಲಿದೆ ಎಂದು ಹೇಳುವ ಹಾಲ್ ಸೆನ್ಸರ್ ನೋಡಿಕೊಂಡು ಆರು ಹೆಜ್ಜೆಯ ಕಮ್ಯುಟೇಶನ್, ಅಂದರೆ ಫೇಸುಗಳಿಗೆ ಸರದಿಯಲ್ಲಿ ಕರೆಂಟ್ ಕೊಡುವುದು.

ಚಕ್ರ ಎತ್ತಿ ಓಡಿಸಿದರೆ ಒಂದು ಸದ್ದಿಲ್ಲ, ಚೆನ್ನಾಗಿ ತಿರುಗುತ್ತದೆ. ಮೇಲೆ ಕೂತು ಥ್ರಾಟಲ್ ಕೊಟ್ಟರೆ ಫಟ್ ಎಂದು ಫ್ಯೂಸ್ ಹೋಗುತ್ತದೆ. ಬಿಚ್ಚಿ ನೋಡಿದರೆ ಪ್ರತಿ ಸಲವೂ ಸಿ ಫೇಸಿನ ಮಾಸ್ಫೆಟ್ಟೇ ಶಾರ್ಟ್. ಬ್ಯಾಟರಿ ವೈರಿನಲ್ಲಿ ಕ್ಲ್ಯಾಂಪ್ ಮೀಟರ್ 30 ಆಂಪಿಯರ್ ದಾಟಿದ್ದಿಲ್ಲ. ಒಂದೊಂದು ಮಾಸ್ಫೆಟ್ 120 ಆಂಪಿಯರ್ ಎನ್ನುತ್ತದೆ ಡೇಟಾಶೀಟ್. ಹಾಗಿದ್ದರೂ ಯಾಕೆ ಹೀಗೆ?

ತಾಮ್ರಪಟ್ಟಿ:
ಎರಡು ಪ್ರಶ್ನೆ. ಕೆಪಾಸಿಟರ್ ಎಲ್ಲಿಟ್ಟಿದ್ದೀರಿ? ಅಲ್ಲಿಂದ ಮೂರು ಫೇಸುಗಳಲ್ಲಿ ಯಾವುದು ಅತಿ ದೂರ?

ಗಾಡಿ_ಬೆಸುಗೆ:
ಹೀಟ್‌ಸಿಂಕ್ ಪಕ್ಕ ಜಾಗವಿಲ್ಲದ್ದರಿಂದ ಕೆಪಾಸಿಟರುಗಳು ಬೇರೆ ಬೋರ್ಡಿನಲ್ಲಿವೆ. ನಡುವೆ 15 ಸೆಂಟಿಮೀಟರಿನ ಎರಡು ದಪ್ಪ ವೈರು. ದೂರದ್ದು ಸಿ ಫೇಸ್.

ತಾಮ್ರಪಟ್ಟಿ:
ಹಾಗಾದರೆ ಮೊದಲ ಅನುಮಾನ ಆ ವೈರಿನ ಮೇಲೆ. ಮಾಸ್ಫೆಟ್ಟನ್ನು ಆಮೇಲೆ ನೋಡೋಣ.

ಮೊದಲು ಕರೆಂಟಿನ ವಿಷಯ. ಬ್ಯಾಟರಿ ವೈರಿನ 30 ಆಂಪಿಯರೇ ಮಾಸ್ಫೆಟ್ಟಿನಲ್ಲೂ ಹರಿಯುತ್ತದೆ ಅಂದುಕೊಳ್ಳಬೇಡಿ. ಗಾಡಿ ಹೊರಡುವಾಗ ಡ್ಯೂಟಿ (ಸ್ವಿಚ್ ಆನ್ ಇರುವ ಹೊತ್ತಿನ ಪಾಲು) 25 ಶೇಕಡಾ ಇದ್ದರೆ, ಬ್ಯಾಟರಿಯ 30 ಆಂಪಿಯರಿಗೆ ಫೇಸಿನಲ್ಲಿ ಸುಮಾರು 120 ಆಂಪಿಯರ್ ಇರುತ್ತದೆ. ಪಿಡಬ್ಲ್ಯೂಎಂ ಆಫ್ ಆದಾಗಲೆಲ್ಲ ಮಾಸ್ಫೆಟ್ ಕತ್ತರಿಸುವುದು ಆ 120ನ್ನು. ಕರೆಂಟ್ ಲಿಮಿಟ್ ಹಾಕುವುದಿದ್ದರೆ ಫೇಸಿಗೆ ಹಾಕಿ, ಬ್ಯಾಟರಿಯ ಲಿಮಿಟ್ ಇಲ್ಲಿ ಕಾಪಾಡುವುದಿಲ್ಲ.

ಇನ್ನು ವೈರು. ಕರೆಂಟ್ ಥಟ್ಟನೆ ಬದಲಾಗದಂತೆ ತಡೆದು ವೋಲ್ಟೇಜ್ ಎಬ್ಬಿಸುವ ವೈರಿನ ಗುಣಕ್ಕೆ ಇಂಡಕ್ಟೆನ್ಸ್ ಎನ್ನುತ್ತಾರೆ. ಬಿಡಿ ವೈರಿಗೆ ಅದು ಸೆಂಟಿಮೀಟರಿಗೆ ಹೆಚ್ಚುಕಮ್ಮಿ 10 ನ್ಯಾನೋಹೆನ್ರಿ ಎಂದು ಹಿಡಿಯಿರಿ. ಹೋಗಿ ಬರುವ 30 ಸೆಂಟಿಮೀಟರಿಗೆ 300. 120 ಆಂಪಿಯರ್ 200 ನ್ಯಾನೋಸೆಕೆಂಡಿನಲ್ಲಿ ನಿಂತರೆ, 300 ಗುಣಿಸು 120 ಭಾಗಿಸು 200, ಅಂದರೆ 180 ವೋಲ್ಟ್ ಏಳಬೇಕು, ಅದೂ 84ರ ಮೇಲೆ. 100 ವೋಲ್ಟಿನ ಮಾಸ್ಫೆಟ್ ಅಷ್ಟಕ್ಕೆ ಬಿಡುವುದಿಲ್ಲ, ನಡುವೆಯೇ ಅವಲಾಂಚಿಗೆ (ವೋಲ್ಟೇಜ್ ಮಿತಿ ಮೀರಿ, ಆಫ್ ಇದ್ದರೂ ಕರೆಂಟ್ ಬಿಡುವ ಬ್ರೇಕ್‌ಡೌನ್ ಸ್ಥಿತಿಗೆ) ಹೋಗಿ ಆ ಶಕ್ತಿಯನ್ನು ತಾನೇ ನುಂಗುತ್ತದೆ. ಪ್ರತಿ ಸಲ ಕನಿಷ್ಠ 2 ಮಿಲಿಜೂಲ್. ಸೆಕೆಂಡಿಗೆ 16,000 ಸಲ, ಅಂದರೆ ಸುಮಾರು 35 ವ್ಯಾಟ್. ನಾಲ್ಕು ಜನ ಹಂಚಿಕೊಳ್ಳುತ್ತಾರೆ ಅನ್ನುವ ಭರವಸೆಯೂ ಬೇಡ. ಯಾವುದರ ಬ್ರೇಕ್‌ಡೌನ್ ಎಲ್ಲಕ್ಕಿಂತ ಕಡಿಮೆಯೋ ಅದರ ತಲೆಗೇ ಬಹುಪಾಲು ಬೀಳುತ್ತದೆ. ಕೆಪಾಸಿಟರಿಂದ ದೂರವಿರುವ ಸಿ ಫೇಸಿಗೆ ಇಂಡಕ್ಟೆನ್ಸ್ ಇನ್ನೂ ಜಾಸ್ತಿ, ಮೊದಲು ಸುಡುವುದೂ ಅದೇ. ಪ್ಯಾರಲಲ್ಲಿಗೆ ಇನ್ನೆರಡು ಸೇರಿಸಿದರೆ ಇದು ಸರಿಹೋಗುವುದಿಲ್ಲ.

ನಂಬುವ ಮೊದಲು ಅಳೆದು ನೋಡಿ. 48 ವೋಲ್ಟಿನ, ಕರೆಂಟ್ ಲಿಮಿಟ್ ಇರುವ ಸಪ್ಲೈ ಹಾಕಿ. ಸ್ಕೋಪ್ ಪ್ರೋಬಿನ ಉದ್ದನೆಯ ಗ್ರೌಂಡ್ ಕ್ಲಿಪ್ ತೆಗೆದು ಪುಟ್ಟ ಸ್ಪ್ರಿಂಗ್ ಹಾಕಿ, ಸಿ ಫೇಸಿನ ಕೆಳಗಿನ ಮಾಸ್ಫೆಟ್ಟಿನ ಡ್ರೈನ್–ಸೋರ್ಸ್ ಕಾಲಿಗೇ ಹಿಡಿಯಿರಿ. ಕ್ಲಿಪ್ಪಿನ ವೈರಿದ್ದರೆ ಇಲ್ಲದ ಸ್ಪೈಕೂ (ಕ್ಷಣಮಾತ್ರ ಏಳುವ ವೋಲ್ಟೇಜ್) ಕಾಣುತ್ತದೆ.

ಮೂರುಫೇಸ್:
ತಾಮ್ರಪಟ್ಟಿಯವರ ಮಾತಿಗೆ ಸೇರಿಸುತ್ತೇನೆ. ನಾಲ್ಕು ಗೇಟಿಗೂ ಒಂದೇ ರೆಸಿಸ್ಟರ್ ಇದ್ದರೆ ತೆಗೆಯಿರಿ, ಒಂದೊಂದಕ್ಕೆ ಬೇರೆ ಬೇರೆ ಇರಲಿ. ಇಲ್ಲದಿದ್ದರೆ ಅವು ತಮ್ಮತಮ್ಮಲ್ಲೇ ಆಸಿಲೇಟ್ ಆಗುತ್ತವೆ. ಬೇಗ ಆಫ್ ಆಗಲಿ ಎಂದು ರೆಸಿಸ್ಟರಿಗೆ ಅಡ್ಡಲಾಗಿ ಬರೀ ಡಯೋಡ್ ಹಾಕಿದ್ದರೆ, ಸ್ಪೈಕನ್ನು ನೀವೇ ಏರಿಸಿದಂತೆ.

ಗಾಡಿ_ಬೆಸುಗೆ:
ಡಯೋಡ್ ಇತ್ತು, ಸರ್. ಅಳೆದೆ. 48 ವೋಲ್ಟ್ ಇನ್‌ಪುಟ್‌ಗೆ, ಅಷ್ಟೇನೂ ಲೋಡ್ ಇಲ್ಲದೆಯೇ ಸ್ಪೈಕ್ 95ರ ಹತ್ತಿರ ಹೋಗುತ್ತಿದೆ! ಎ ಫೇಸಿನಲ್ಲಿ ಅದಕ್ಕಿಂತ ಕಡಿಮೆ. ಈಗ ಏನು ಮಾಡಲಿ?

ತಾಮ್ರಪಟ್ಟಿ:
ವೈರು ಕಿತ್ತುಹಾಕಿ. ಪ್ಲಸ್ಸಿಗೊಂದು, ಮೈನಸ್ಸಿಗೊಂದು ಅಗಲವಾದ ತಾಮ್ರದ ಪಟ್ಟಿ ತಗೊಂಡು, ನಡುವೆ ತೆಳು ಇನ್ಸುಲೇಶನ್ ಹಾಳೆ ಇಟ್ಟು ಒಂದರ ಮೇಲೊಂದು ಕೂರಿಸಿ. ಎದುರುಬದುರು ಹರಿಯುವ ಕರೆಂಟುಗಳು ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತವೆ. ಪ್ರತಿ ಫೇಸಿನ ಕಾಲಬುಡದಲ್ಲೇ ಒಂದು ಫಿಲ್ಮ್ ಕೆಪಾಸಿಟರ್ ಇರಲಿ, ದೊಡ್ಡ ಎಲೆಕ್ಟ್ರೋಲಿಟಿಕ್ ಅದರ ಹಿಂದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಹುಡುಕಿ.

ಮಾಸ್ಫೆಟ್ಟನ್ನೂ ಬದಲಿಸಿ ಎಂದೇ ನನ್ನ ಸಲಹೆ. 84 ವೋಲ್ಟಿಗೆ 100 ವೋಲ್ಟಿನದು ತೀರಾ ಇಕ್ಕಟ್ಟು. 150 ವೋಲ್ಟಿನ ಐಆರ್‌ಎಫ್‌ಪಿ4568 ಹಾಕಿದರೆ ಆನ್ ರೆಸಿಸ್ಟೆನ್ಸ್ ಗರಿಷ್ಠ 5.9 ಮಿಲಿಓಮ್, 4110ರದ್ದು 4.5. ಅಷ್ಟು ಬಿಸಿ ಜಾಸ್ತಿಯಾದರೂ ನೆಮ್ಮದಿ. ಅದರ ಕಾಲುಗಳ ಅಂತರ ಬೇರೆ, ಬೋರ್ಡ್ ಹೊಸದಾಗಿ ಮಾಡಬೇಕಾಗುತ್ತದೆ.

ಗಾಡಿ_ಬೆಸುಗೆ:
ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆ. ತಾಮ್ರದ ಪಟ್ಟಿ, 4568, ಒಂದೊಂದು ಗೇಟಿಗೆ 15 ಓಮ್, ಡಯೋಡ್ ಇಲ್ಲ, ಡೆಡ್ ಟೈಮ್ (ಮೇಲಿನ, ಕೆಳಗಿನ ಎರಡೂ ಸ್ವಿಚ್ ಆಫ್ ಇರುವ ಬಿಡುವು) 1 ಮೈಕ್ರೋಸೆಕೆಂಡ್. 84 ವೋಲ್ಟಿನಲ್ಲಿ ಪೂರ್ತಿ ಫೇಸ್ ಕರೆಂಟಿಗೆ ಸ್ಪೈಕ್ 102. ಇಬ್ಬರು ಕೂತು ನಮ್ಮೂರ ಏರು ಹತ್ತಿದೆವು, ಫ್ಯೂಸ್ ಹೋಗಲಿಲ್ಲ. ಹೀಟ್‌ಸಿಂಕ್ ಕೈಯಿಟ್ಟುಕೊಳ್ಳುವಷ್ಟು ಮಾತ್ರ ಬಿಸಿ. ತುಂಬಾ ಉಪಕಾರವಾಯಿತು. ಏರಿನಲ್ಲಿ ಆಗಾಗ ಒಂದು ಜರ್ಕ್ ಹೊಡೆಯುತ್ತದೆ, ಅದೊಂದು ಉಳಿದಿದೆ.

ಮೂರುಫೇಸ್:
ಕರೆಂಟ್ ಏರಿದಾಗ ಮಾತ್ರ ಬರುವ ಜರ್ಕ್ ಆದರೆ ಹಾಲ್ ಲೈನಿಗೆ ನಾಯ್ಸ್ ಹೊಕ್ಕಿರುತ್ತದೆ. ಹಾಲ್ ವೈರುಗಳನ್ನು ಫೇಸ್ ಕೇಬಲಿನಿಂದ ಬಿಡಿಸಿ, ಶೀಲ್ಡ್ ಇರುವುದನ್ನು ಬೇರೆ ದಾರಿಯಲ್ಲಿ ತನ್ನಿ. ಪುಲ್‌ಅಪ್ (ಹಾಲ್ ಲೈನನ್ನು ಪ್ಲಸ್ಸಿಗೆ ಎಳೆದಿಡುವ ರೆಸಿಸ್ಟರ್) 1 ಕಿಲೋಓಮಿಗೆ ಇಳಿಸಿ, ಕಂಟ್ರೋಲರ್ ತುದಿಯಲ್ಲಿ ಸಣ್ಣ ಆರ್‌ಸಿ ಫಿಲ್ಟರ್ ಹಾಕಿ. 000 ಅಥವಾ 111 ಎಂಬ ಹಾಲ್ ಸ್ಥಿತಿ (ಮೂರೂ ಸೆನ್ಸರ್ ಒಟ್ಟಿಗೆ ಸೊನ್ನೆ ಅಥವಾ ಒಟ್ಟಿಗೆ ಒಂದು) ಬಂದರೆ ಆರೂ ಸ್ವಿಚ್ ಆಫ್ ಮಾಡುವಂತೆ ಕೋಡ್ ಬರೆಯಿರಿ, ಸೆನ್ಸರುಗಳು 120 ಡಿಗ್ರಿಯವಾದರೆ ಆ ಎರಡು ಸ್ಥಿತಿ ಬರುವಂತೆಯೇ ಇಲ್ಲ. ಮತ್ತೆ, ಬಿಚ್ಚುವ ಮುನ್ನ ಬ್ಯಾಟರಿ ಕಳಚಿ, ಕೆಪಾಸಿಟರನ್ನು ರೆಸಿಸ್ಟರಿನಿಂದ ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲಷ್ಟೇ ಕೈಹಾಕಿ.