ಹೊಸ ದುಂಬಿಯನ್ನು ‘ವರ್ಣಿಸುವುದೋ’, ‘ಪತ್ತೆ ಹಚ್ಚುವುದೋ’, ‘ಲಕ್ಷಣ ಬರೆಯುವುದೋ’?

ಬಲ್ಲವರಿಗೆ ನಮಸ್ಕಾರ.

ಪಶ್ಚಿಮ ಘಟ್ಟದ ಸಗಣಿಹುಳುಗಳ ಬಗೆಗಿನ ಲೇಖನವೊಂದರ ಕನ್ನಡ ಅನುವಾದವನ್ನು ತಿದ್ದುತ್ತಿದ್ದೇನೆ. ಮೊದಲ ಪುಟದಲ್ಲೇ ಹೀಗೊಂದು ವಾಕ್ಯ: ‘ಈ ಕಾಡುಗಳಲ್ಲಿ ಇನ್ನೂ ವರ್ಣಿಸಲಾಗದ ಹಲವು ಪ್ರಭೇದಗಳಿವೆ.’ ಓದಿದವರು ಆ ಹುಳುಗಳ ಚೆಲುವು ಮಾತಿಗೆ ನಿಲುಕದ್ದು ಎಂದುಕೊಳ್ಳುತ್ತಾರೆ. ಮೂಲದ ಅರ್ಥ ಅದಲ್ಲ. ಹುಳು ಕಾಡಿನಲ್ಲಿದೆ, ಸಂಗ್ರಹಾಲಯದ ಪೆಟ್ಟಿಗೆಯಲ್ಲಿಯೂ ಇರಬಹುದು. ಆದರೆ ಅದರ ಗುರುತುಗಳನ್ನು ನಿಯಮದಂತೆ ಬರೆದು, ಹೆಸರಿಟ್ಟು ಯಾರೂ ಪ್ರಕಟಿಸಿಲ್ಲ. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಡಿಸ್ಕ್ರೈಬ್’ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು?

‘ವರ್ಣನೆ’ ಎಂದೊಡನೆ ನಮಗೆ ಮಹಾಕಾವ್ಯದ ಹದಿನೆಂಟು ವರ್ಣನೆಗಳು, ಕಡಲು, ಚಂದ್ರೋದಯ, ಜಲಕ್ರೀಡೆ ನೆನಪಾಗುತ್ತವೆ. ‘ವಿವರಿಸು’ ತಪ್ಪಲ್ಲ, ಸಪ್ಪೆ. ನನಗೆ ನಿಜಕ್ಕೂ ನೋವಾಗುವುದು ಪತ್ರಿಕೆಗಳ ‘ಪತ್ತೆ’ಯಿಂದ. ತೆಂಗಿನ ಕುರುವಾಯಿ ದುಂಬಿಯನ್ನೇ ನೋಡಿ. ಸುಳಿಯೊಳಗೆ ಅದು ಕೊರೆದ ಎಳೆಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದ ಬೀಸಣಿಗೆಯಂತೆ ಕಾಣುತ್ತದೆ. ತೋಟದವರು ಮರ ಹತ್ತಿ, ತೂತಿನೊಳಗೆ ಕೊಕ್ಕೆಯ ಕಂಬಿ ತೂರಿಸಿ ಅದನ್ನು ಎಳೆದು ಹಾಕುತ್ತಾರೆ. ಗೊಬ್ಬರದ ಗುಂಡಿ ಕೆದಕಿದರೆ ಅದರ ಮರಿಹುಳು ಸಿಗುತ್ತದೆ ಎಂಬುದೂ ಅವರಿಗೆ ಗೊತ್ತು. ಈ ದುಂಬಿಗೆ 1758ರಲ್ಲಿ ‘ಸ್ಕಾರಬಿಯಸ್ ರೈನೋಸೆರಸ್’ ಎಂದು ಹೆಸರಿಟ್ಟವರು ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್. ಭಾರತಕ್ಕೆ ಕಾಲಿಡದವರು ಅದನ್ನು ‘ಪತ್ತೆ ಹಚ್ಚಿದರು’ ಎಂದು ಬರೆದರೆ ತೆಂಗಿನ ಮರ ಹತ್ತಿದವರಿಗೆ ಅನ್ಯಾಯವಾಗುತ್ತದೆ. ಲಿನೇಯಸ್ ಮಾಡಿದ್ದು ಬೇರೆ ಕೆಲಸ, ಅದೂ ದೊಡ್ಡದೇ. (ಈಗ ಆ ಪ್ರಭೇದ ‘ಒರಿಕ್ಟಿಸ್’ ಕುಲಕ್ಕೆ ಸೇರಿದೆ. ಹಾಗೆ ಕುಲ ಬದಲಾಗಿದೆ ಎಂದು ತಿಳಿಸಲೆಂದೇ ಪ್ರಭೇದದ ಹೆಸರಿನ ಮುಂದೆ ಲಿನೇಯಸ್ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ. ಅಚ್ಚಿಗೆ ಹೋಗುವಾಗ ಆ ಆವರಣವನ್ನು ತೆಗೆದುಹಾಕಬೇಡಿ ಎಂದು ಸಂಪಾದಕರಲ್ಲಿ ವಿನಂತಿ.)

ನನ್ನ ಸೂಚನೆ ‘ಲಕ್ಷಣ’. ‘ಭಾಮಿನಿ ಷಟ್ಪದಿಯ ಲಕ್ಷಣ ಬರೆಯಿರಿ’ ಎಂಬ ಪ್ರಶ್ನೆಗೆ ನಾವೆಲ್ಲ ಶಾಲೆಯಲ್ಲಿ ಉತ್ತರಿಸಿದ್ದೇವೆ. ಆರು ಸಾಲು ಎಂದಷ್ಟೇ ಬರೆದರೆ ಅಂಕ ಸಿಗುತ್ತಿರಲಿಲ್ಲ, ಏಕೆಂದರೆ ವಾರ್ಧಕಕ್ಕೂ ಆರೇ ಸಾಲು. ಮೂರು-ನಾಲ್ಕು ಮಾತ್ರೆಯ ಗಣ ಭಾಮಿನಿಯದು, ಐದು ಮಾತ್ರೆಯದು ವಾರ್ಧಕದ್ದು ಎಂದು ಬೇರ್ಪಡಿಸಬೇಕಿತ್ತು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಕೇಳುವುದೂ ಇದನ್ನೇ: 1930ರ ನಂತರದ ಹೆಸರು ಊರ್ಜಿತವಾಗಬೇಕಾದರೆ ಆ ಪ್ರಾಣಿಯನ್ನು ಉಳಿದವುಗಳಿಂದ ಬೇರ್ಪಡಿಸುವ ಗುಣಗಳನ್ನು ಮಾತಿನಲ್ಲಿ ಹೇಳಿರಬೇಕು. ಸಗಣಿಹುಳುಗಳ ‘ಆಂಥೋಫಾಗಸ್’ ಕುಲವೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅಲ್ಲಿ ‘ಕಪ್ಪಗೆ, ಗುಂಡಗೆ ಇದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ತಲೆಯ ಮುಂಚಾಚಿನ ಅಂಚು, ಕೊಂಬಿನ ಬಾಗು, ಗಟ್ಟಿ ರೆಕ್ಕೆಯ ಗೀರುಗಳ ನಡುವಿನ ಸೂಜಿಮೊನೆಯಷ್ಟು ಗುಳಿಗಳು, ಗಂಡಿನ ಜನನಾಂಗದ ತುದಿಯ ಆಕಾರ, ಎಲ್ಲವನ್ನೂ ಸೂಕ್ಷ್ಮದರ್ಶಕದಡಿ ನೋಡಿ ಬರೆಯಬೇಕು. ಆದ್ದರಿಂದ ‘1758ರಲ್ಲಿ ಲಿನೇಯಸ್ ಲಕ್ಷಣ ಬರೆದು ಹೆಸರಿಟ್ಟ ಪ್ರಭೇದ’, ‘ಇನ್ನೂ ಲಕ್ಷಣ ಬರೆಯದ ಪ್ರಭೇದಗಳು’ ಎಂದರೆ ಹೇಗೆ? ರೋಗಲಕ್ಷಣ, ಲಕ್ಷಣವಾದ ಮುಖ ಎಂಬ ಬಳಕೆಗಳು ಅಡ್ಡ ಬರಬಹುದು ಎಂಬ ಅಳುಕಿದೆ. ಸಂದರ್ಭ ಅದನ್ನು ನಿಭಾಯಿಸುತ್ತದೆ ಎಂದು ನನ್ನ ನಂಬಿಕೆ.

ನಾನು ಸಿಕ್ಕಿಬಿದ್ದಿರುವುದು ‘ಹೋಲೋಟೈಪ್’ ಬಳಿ. ಹೊಸ ಹೆಸರನ್ನು ಹೊತ್ತು ನಿಲ್ಲುವ ಒಂದೇ ಒಂದು ಹುಳು ಅದು. ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಸೂಜಿ ಚುಚ್ಚಿ, ಕೆಳಗೆ ಸಿಕ್ಕಿದ ಊರು, ದಿನ ಬರೆದ ಚೀಟಿ, ಅದರಡಿ ವಾಡಿಕೆಯಂತೆ ಕೆಂಪು ಚೀಟಿ. 1999ರ ನಂತರದ ಹೊಸ ಪ್ರಭೇದಗಳಿಗೆ ಇಂಥದೊಂದನ್ನು, ಇಲ್ಲವೇ ಒಟ್ಟಾಗಿ ಹೆಸರು ಹೊರುವ ಹುಳುಗಳ ಗುಂಪನ್ನು, ಗೊತ್ತುಪಡಿಸುವುದು ಕಡ್ಡಾಯ. ಇದಕ್ಕೆ ‘ಮಾದರಿ’ ಎಂಬ ಪದ ಬಳಕೆಯಲ್ಲಿದೆ. ಆದರೆ ಮಾದರಿ ಶಾಲೆ, ಮಾದರಿ ರೈತ ಎನ್ನುವಾಗಿನ ಅರ್ಥ ಇಲ್ಲಿ ಸಲ್ಲದು: ಈ ಹುಳು ಕಾಲು ಮುರಿದಿದ್ದರೂ, ತನ್ನವರಿಗಿಂತ ಚಿಕ್ಕದಿದ್ದರೂ ಆಗುತ್ತದೆ. ಲಕ್ಷಣಕ್ಕೆ ಜೋಡಿಯಾದ ಹಳೆಯ ಪದ ‘ಲಕ್ಷ್ಯ’ (ಲಕ್ಷಣಕ್ಕೆ ಒಪ್ಪುವ ಉದಾಹರಣೆ) ಇತ್ತು, ಅದೀಗ ‘ಗಮನ’ ಎಂಬ ಅರ್ಥಕ್ಕೆ ಜಾರಿದೆ. ಸಾಲದ್ದಕ್ಕೆ ಲಕ್ಷ್ಯಗಳು ಹಲವು ಇರಬಹುದು, ಇದು ಒಂದೇ. ಓಲೆಗರಿಗಳ ಸಂಪಾದನೆಯಲ್ಲಿ ನೆಲೆಯಾಗಿ ಇಟ್ಟುಕೊಳ್ಳುವ ಪ್ರತಿಗೆ ‘ಆಧಾರ ಪ್ರತಿ’ ಎನ್ನುತ್ತಾರಲ್ಲ, ಅದರ ದಾರಿಯಲ್ಲಿ ‘ಆಧಾರ ನಮೂನೆ’ ಎನ್ನಬಹುದೇ? ಈ ಹುಳುಗಳ ಕುಡಿಮೀಸೆಯ ತುದಿಯೂ ಓಲೆಗರಿಯ ಕಟ್ಟಿನಂತೆ ಎಸಳೆಸಳಾಗಿ ಬಿಚ್ಚಿ ಮುಚ್ಚುತ್ತದೆ. ಈ ಪದ ಹೊಳೆದದ್ದು ಅದನ್ನು ಮಸೂರದಲ್ಲಿ ನೋಡುತ್ತಿದ್ದಾಗ. ಗ್ರಂಥಸಂಪಾದನೆ ಬಲ್ಲವರು ಒಪ್ಪುತ್ತಾರೋ ಇಲ್ಲವೋ ತಿಳಿಯಬೇಕು.

ಇನ್ನೊಂದು ಸಣ್ಣ ಪ್ರಶ್ನೆ. ಪಠ್ಯಪುಸ್ತಕಗಳು ಈ ಬಳಗವನ್ನೆಲ್ಲ ‘ಜೀರುಂಡೆ’ ಎನ್ನುತ್ತವೆ. ಮಲೆನಾಡಿನಲ್ಲಿ ಜೀರುಂಡೆ ಎಂದರೆ ಮರದಲ್ಲಿ ಕುಳಿತು ಕಿವಿಗಡಚಿಕ್ಕುವಂತೆ ಜೀರಿಡುವ ಹುಳು. ಇತ್ತ ‘ದುಂಬಿ’ ಎಂದರೆ ಪಂಪನ ಮರಿದುಂಬಿಯಿಂದ ಹಿಡಿದು ಹೂವಿನ ಬೆನ್ನು ಹತ್ತಿದ್ದು. ಕೃಷಿ ಬರಹಗಳನ್ನು ಅನುಸರಿಸಿ ನಾನು ಸದ್ಯಕ್ಕೆ ದುಂಬಿ ಎಂದೇ ಬರೆದಿದ್ದೇನೆ. ನಿಮ್ಮ ಊರಿನಲ್ಲಿ ಜೀರುಂಡೆ ಯಾವುದು, ದುಂಬಿ ಯಾವುದು, ಸಗಣಿ ಉಂಡೆ ಉರುಳಿಸುವ ಹುಳುವಿಗೆ ಬೇರೆ ಹೆಸರುಂಟೇ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.