ಗೋಧಿ ಹಿಟ್ಟಿನ ಸಿಹಿಗುಂಬಳ ಸ್ಕೋನ್: ಹೊರಗೆ ಕಲ್ಲು, ಒಳಗೆ ಹಸಿ. ಎಲ್ಲಿ ತಪ್ಪುತ್ತಿದ್ದೇನೆ?

ತುಂಗಾತೀರ, ತೀರ್ಥಹಳ್ಳಿ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮಳೆ ಹಿಡಿಯುವ ಮುಂಚೆ ಹಿತ್ತಿಲಿನಲ್ಲಿ ಕೊಯ್ದ ಹದಿನಾಲ್ಕು ಸಿಹಿಗುಂಬಳ ಅಟ್ಟ ಸೇರಿದ್ದವು. ಹುಳಿ, ಸಾಸಿವೆ, ಪಲ್ಯ, ಕಡುಬು ಎಂದು ಐದು ಮುಗಿದಿವೆ, ಒಂಬತ್ತು ಉಳಿದಿವೆ. ಹೋದ ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ರಜೆಗೆ ಬಂದಿದ್ದ ನನ್ನ ತಂಗಿ ಇಂಥದೇ ಕಾಯಿಯಲ್ಲಿ ಸ್ಕೋನ್ ಮಾಡಿಕೊಟ್ಟಿದ್ದಳು. ತಿಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಬನ್ನೂ ಅಲ್ಲ, ಬಿಸ್ಕತ್ತೂ ಅಲ್ಲ. ಈಸ್ಟ್ ಬೇಡ, ಹಿಟ್ಟು ಉಬ್ಬಲಿ ಎಂದು ಕಾಯಬೇಕಾಗಿಲ್ಲ. ಮೇಲೆ ತೆಳ್ಳಗಿನ ಗರಿ ಪದರ, ನಡುವೆ ಹೆಬ್ಬೆರಳು ಇಟ್ಟು ಬಿಡಿಸಿದರೆ ತಾನಾಗಿ ಎರಡು ಹೋಳಾಗುತ್ತದೆ, ಒಳಗೆ ಅರಿಶಿನ ಬೆರೆತ ಕೇಸರಿ ಬಣ್ಣ.

ಅವಳು ಮಾಡಿದ್ದು ಮೈದಾ ಮತ್ತು ಸಕ್ಕರೆಯಲ್ಲಿ. ನನ್ನ ಅತ್ತೆಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಸಂಜೆ ನಾಲ್ಕೂವರೆಗೆ ನಾವೆಲ್ಲ ಚಹಾದ ಜೊತೆ ಏನಾದರೂ ತಿನ್ನುವಾಗ ಅವರು ಲೋಟ ಹಿಡಿದು ಜಗಲಿಗೆ ಹೋಗಿ ಕುಳಿತುಕೊಳ್ಳುತ್ತಾರೆ. ನನಗೂ ಒಂದು ಕೊಡು ಎಂದು ಒಂದು ದಿನವೂ ಕೇಳಿದವರಲ್ಲ. ಅವರೂ ನಮ್ಮೊಂದಿಗೆ ಕುಳಿತು ತಿನ್ನುವಂಥದ್ದು ಮಾಡಬೇಕು ಎಂಬುದು ನನ್ನ ಆಸೆ.

ಹಾಗಾಗಿ ಮೈದಾ ಪೂರ್ತಿ ಬಿಟ್ಟು ಎರಡು ಕಪ್ ಗೋಧಿ ಹಿಟ್ಟು ತೆಗೆದುಕೊಂಡೆ. ಸಕ್ಕರೆಯ ಬದಲು ಅರ್ಧ ಕಪ್ ಜೋನಿ ಬೆಲ್ಲ (ಅಚ್ಚು ಕಟ್ಟದ, ಸುರಿಯುವಂಥ ಬೆಲ್ಲ), ಬೆಣ್ಣೆಯ ಬದಲು ಎಣ್ಣೆ. ಕುಂಬಳವನ್ನು ಕುಕ್ಕರ್‌ನಲ್ಲಿ ನೀರು ಹಾಕಿ ಮೂರು ಸೀಟಿ ಕೂಗಿಸಿ, ಮಸೆದು, ಬಿಸಿಯಿರುವಾಗಲೇ ಬೆರೆಸಿದೆ. ಚಪಾತಿ ಹಿಟ್ಟಿನಂತೆ ಚೆನ್ನಾಗಿ ನಾದಿ, ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 180 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿದೆ. ಮೊದಲ ಸಲ ಬೇಕಿಂಗ್ ಪೌಡರ್ ಹಾಕಿದ್ದೆ, ಏಳಲೇ ಇಲ್ಲ. ಮುಂದಿನ ಎರಡು ಸಲ ಅದರ ಜೊತೆಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿದೆ. ಹೊರಗಿನ ಪದರ ಉಗುರಿನಿಂದ ತಟ್ಟಿದರೆ ಟಕ್ ಎನ್ನುತ್ತದೆ, ಒಳಗೆ ಚಾಕುವಿಗೆ ಅಂಟು ಮೆತ್ತುತ್ತದೆ, ಬಾಯಲ್ಲಿ ಸಾಬೂನಿನ ರುಚಿ. ಮಗಳು ಏನೂ ಹೇಳಲಿಲ್ಲ, ಅರ್ಧ ತಿಂದು ತಟ್ಟೆ ಸರಿಸಿದಳು. ಮೂರು ಸಲದ ಸಾಮಾನು ಹಾಳಾಯಿತು ಎಂಬುದಕ್ಕಿಂತ ಹೆಚ್ಚಾಗಿ ಅತ್ತೆಗೆ ಕೊಡುವಂಥದ್ದು ಒಂದೂ ಆಗಲಿಲ್ಲವಲ್ಲ ಎಂದು ಬೇಸರವಾಗಿದೆ. ತಿಳಿದವರು ದಯವಿಟ್ಟು ಹೇಳಿ.

ಭಟ್ಟಿಯ ಮುಂದಿನವನು, ಶಿವಮೊಗ್ಗ

ಅಮ್ಮ, ನಾನು ಇಪ್ಪತ್ತೆರಡು ವರ್ಷ ಬೇಕರಿ ಭಟ್ಟಿಯ ಮುಂದೆ ನಿಂತವನು. ಸ್ಕೋನ್ ನಮ್ಮ ಕಡೆಯ ಬೇಕರಿ ತಿಂಡಿಯಲ್ಲ. ಆದರೆ ಅದರ ಹಿಟ್ಟಿನ ಗುಣ ನನಗೆ ಗೊತ್ತು. ನಿಮ್ಮ ಸಾಮಾನು ಕೆಟ್ಟದ್ದಲ್ಲ, ಕೈ ಮಾತ್ರ ಚಪಾತಿಯ ಕೈ.

ನಾದಿದಷ್ಟೂ ಹಿಟ್ಟಿಗೆ ಜಿಗಿ ಬರುತ್ತದೆ. ಬ್ರೆಡ್ಡಿಗೆ ಅದು ಬೇಕು, ಸ್ಕೋನಿಗೆ ಬೇಡ. ಇಲ್ಲಿ ಕೆಲಸವೆಲ್ಲ ತಣ್ಣನೆಯ ಬೆಣ್ಣೆಯದು. ಫ್ರಿಜ್‌ನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಲ್ಲಿ ಮಾತ್ರ ಉಜ್ಜಿ. ಅಂಗೈ ತಾಗಿಸಬೇಡಿ, ಅಂಗೈಯ ಬಿಸಿಗೆ ಬೆಣ್ಣೆ ಕರಗುತ್ತದೆ. ಹಿಟ್ಟು ದಪ್ಪ ರವೆಯಂತಾಗಬೇಕು, ನಡುನಡುವೆ ತೊಗರಿಬೇಳೆ ಗಾತ್ರದ ಬೆಣ್ಣೆ ಚೂರು ಉಳಿದಿರಬೇಕು. ಆ ಚೂರುಗಳು ಒಲೆಯಲ್ಲಿ ಕರಗಿದಾಗ ಅದರೊಳಗಿನ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ, ಪದರ ಬಿಡುವುದು ಅಲ್ಲಿಂದ. ಎಣ್ಣೆಗೆ ಈ ಶಕ್ತಿ ಇಲ್ಲ. ನೀವು ಬಿಸಿ ಕುಂಬಳ ಬೆರೆಸಿದ್ದೀರಿ, ಹಾಗೆ ಮಾಡಿದರೆ ಬೆಣ್ಣೆ ಇದ್ದರೂ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ಎರಡು ಸಲ ತೊಳೆದು, ಒತ್ತಿ ನೀರು ತೆಗೆದು, ಗಟ್ಟಿಯಾಗಲು ಬಿಡಿ.

ಕುಂಬಳದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುತ್ತದೆ. ಕುಕ್ಕರ್‌ನಲ್ಲಿ ಇನ್ನಷ್ಟು ನೀರು ಕುಡಿಸಿದ್ದೀರಿ. ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿ, ಮಸೆದು, ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗು ಹಾಕಿ. ಆಮೇಲೆ ಫ್ರಿಜ್‌ನಲ್ಲಿಡಿ.

ಸೋಡಾ ಕೆಲಸ ಮಾಡಲು ಹುಳಿ ಬೇಕು. ಹುಳಿ ಸಾಲದೆ ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ. ಬೇಕಿಂಗ್ ಪೌಡರ್‌ನಲ್ಲಿ ಸೋಡಾವೂ ಹುಳಿ ಪುಡಿಯೂ ಎರಡೂ ಇರುವುದರಿಂದ ಅದೊಂದೇ ಸಾಕು. 250 ಗ್ರಾಂ ಹಿಟ್ಟಿಗೆ ಎರಡೂವರೆ ಟೀ ಚಮಚ, ತಲೆ ಸವರಿದ ಅಳತೆ. ಆದರೆ ಈ ಮಳೆಯಲ್ಲಿ ಡಬ್ಬಿಯೊಳಗೇ ಅದು ತೇವ ಹೀರಿ ಸತ್ತಿರಬಹುದು. ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡಿ, ಬುಸ್ ಎಂದು ನೊರೆ ಏಳಬೇಕು.

ಒಲೆ 220 ಡಿಗ್ರಿ ಇರಲಿ, ಕಾಲು ಗಂಟೆ ಮೊದಲೇ ಕಾಯಲಿ. 180ರಲ್ಲಿ ಹಿಟ್ಟು ಮೇಲೇಳುವ ಮುಂಚೆ ಹೊರಗೆ ಒಣಗಿಬಿಡುತ್ತದೆ. ಕತ್ತರಿಸಲು ಲೋಟ ಬಳಸುವುದಾದರೆ ನೇರ ಒತ್ತಿ ನೇರ ಎತ್ತಿ. ತಿರುಗಿಸಿದರೆ ಅಂಚು ಮುಚ್ಚಿಕೊಂಡು ಒಂದು ಪಕ್ಕಕ್ಕೆ ವಾಲುತ್ತದೆ.

ಇನ್ನು ಗೋಧಿ ಹಿಟ್ಟು. ಮೊದಲ ಸಲ ಅರ್ಧ ಮೈದಾ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಗಿರಣಿಯ ಹಿಟ್ಟು ಹೆಚ್ಚು ನೀರು ಎಳೆಯುತ್ತದೆ, ಅದೂ ನಿಧಾನವಾಗಿ. ಕಲಸಿ ಹದಿನೈದು ನಿಮಿಷ ಮುಚ್ಚಿಟ್ಟರೆ ಹೊಟ್ಟು ಮೆತ್ತಗಾಗುತ್ತದೆ.

ತುಂಗಾತೀರ, ತೀರ್ಥಹಳ್ಳಿ

ಅಣ್ಣ, ಈಗಲೇ ಪರೀಕ್ಷೆ ಮಾಡಿದೆ. ಬಿಸಿ ನೀರಿನಲ್ಲಿ ಎರಡೇ ಎರಡು ಗುಳ್ಳೆ ಬಂದವು. ಡಬ್ಬಿ ಒಲೆಯ ಪಕ್ಕದ ಕಿಟಕಿಯಲ್ಲಿತ್ತು, ಅಲ್ಲಿಗೆ ಇರಚಲು ಬಡಿಯುತ್ತದೆ. ಹೊಸದು ತರಿಸುತ್ತೇನೆ. ಬೆಣ್ಣೆ ಬೇಕೇ ಬೇಕು ಎಂದಾದರೆ ಅತ್ತೆಗೆ ಹೇಗೆ ಕೊಡಲಿ ಎಂಬುದೊಂದು ಚಿಂತೆ. ಬೆಲ್ಲವಾದರೂ ಪರವಾಗಿಲ್ಲವೇ?

ಪಥ್ಯದ ಅಡುಗೆ, ಶಿವಮೊಗ್ಗ

ನಾನು ಆಸ್ಪತ್ರೆಯೊಂದರಲ್ಲಿ ಪಥ್ಯಾಹಾರ ನೋಡಿಕೊಳ್ಳುತ್ತೇನೆ. ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ: ಸಕ್ಕರೆ ಕಾಯಿಲೆಯವರಿಗೆ ಜೋನಿ ಬೆಲ್ಲವೂ ಸಕ್ಕರೆಯೇ. ಸ್ವಲ್ಪ ಖನಿಜಾಂಶ ಇರಬಹುದು, ಆದರೆ ರಕ್ತದಲ್ಲಿ ಅದು ಮಾಡುವ ಕೆಲಸ ಸಕ್ಕರೆಯದ್ದೇ. ಬೆಲ್ಲ ಒಳ್ಳೆಯದು ಎಂಬ ಮಾತನ್ನು ನಂಬಿ ಎರಡು ಉಂಡೆ ಹೆಚ್ಚು ತಿಂದವರನ್ನು ನಾನು ವಾರ ವಾರ ನೋಡುತ್ತೇನೆ. ಅತ್ತೆಯವರ ಪಾಲಿಗೆ ಬೆಲ್ಲ ಹಾಕದೆಯೇ ಮಾಡಿ. ಮಾಗಿದ ಕುಂಬಳಕ್ಕೆ ತನ್ನದೇ ಸಿಹಿ ಇದೆ. ಉಪ್ಪು, ಹಸಿಮೆಣಸು, ಕರಿಬೇವು ಹಾಕಿ ಖಾರದ ಸ್ಕೋನ್ ಮಾಡಿದರೆ ಏನನ್ನೋ ಬಿಟ್ಟಿದ್ದೇವೆ ಎಂದು ಅವರಿಗೂ ಅನ್ನಿಸುವುದಿಲ್ಲ.

ಬೆಣ್ಣೆಯನ್ನು ಕಡಿಮೆ ಮಾಡಿ, ಪೂರ್ತಿ ತೆಗೆಯಬೇಡಿ. ಕುಂಬಳಕ್ಕೆ ಆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ, ಅದು ದೇಹಕ್ಕೆ ಸೇರಲು ಜೊತೆಗೆ ಸ್ವಲ್ಪ ಜಿಡ್ಡು ಬೇಕು. 250 ಗ್ರಾಂ ಹಿಟ್ಟಿಗೆ 50 ಗ್ರಾಂ ಬೆಣ್ಣೆ ಹಾಕಿ ಹತ್ತು ಮಾಡಿದರೆ ಒಂದಕ್ಕೆ ಬರುವುದು 5 ಗ್ರಾಂ. ಆದರೆ ಹಿಟ್ಟನ್ನು ಮರೆಯಬೇಡಿ. ಒಂದು ಸ್ಕೋನ್‌ನಲ್ಲಿ 25 ಗ್ರಾಂ ಹಿಟ್ಟು ಇರುತ್ತದೆ, ಅಂದರೆ ಒಂದು ಚಪಾತಿ ತಿಂದ ಲೆಕ್ಕ. ಆ ದಿನ ರಾತ್ರಿಯ ಊಟದಲ್ಲಿ ಒಂದು ಚಪಾತಿ ಕಳೆಯಿರಿ. ಮನೆಯಲ್ಲಿ ಮೀಟರ್ ಇದ್ದರೆ ತಿಂದ ಎರಡು ಗಂಟೆಯ ಮೇಲೆ ಒಮ್ಮೆ ನೋಡಿಕೊಳ್ಳಿ.

ಜೋನಿಬೆಲ್ಲ, ಸಾಗರ

ತಂಗೀ, ಬೆಲ್ಲದ ಮೇಲೆ ಇಷ್ಟು ಕೋಪ ಬೇಡ ಎಂದು ಬರೆಯಲು ಹೊರಟಿದ್ದೆ. ನಮ್ಮದು ಆಲೆಮನೆ ನಡೆಸುತ್ತಿದ್ದ ಮನೆ. ಆದರೆ ನನ್ನ ಯಜಮಾನರಿಗೂ ಸಕ್ಕರೆ ಕಾಯಿಲೆ ಇತ್ತು, ಹಾಗಾಗಿ ಮೇಲಿನವರು ಹೇಳಿದ್ದು ನಿಜ ಎಂದು ಬಲ್ಲೆ. ಮಕ್ಕಳ ಪಾಲಿಗೆ ಎರಡು ಚಮಚ ಹಾಕು. ಜೋನಿ ಬೆಲ್ಲ ನೀರಾಗಿದ್ದರೆ ಹಿಟ್ಟು ಕಲಸಲು ಹಾಕುವ ಮಜ್ಜಿಗೆ ಕಡಿಮೆ ಮಾಡು.

ಕಾಯಿ ಆರಿಸುವುದರಲ್ಲಿ ಒಂದು ಗುಟ್ಟಿದೆ. ಅಟ್ಟದಲ್ಲಿ ಎರಡು ತಿಂಗಳು ಕೂತ ಕಾಯಿ ಹೊಸದಕ್ಕಿಂತ ಸಿಹಿ. ಒಳಗಿನ ಪಿಷ್ಟ ನಿಧಾನವಾಗಿ ಸಿಹಿಯಾಗುತ್ತಾ ಹೋಗುತ್ತದೆ. ತೊಟ್ಟು ಒಣಗಿ ಕಟ್ಟಿಗೆಯಂತಾಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಹಬೆಯಲ್ಲಿ ಬೇಯಿಸುವಾಗ ಕೆಳಗೆ ಒಂದು ಅರಿಶಿನ ಎಲೆ ಹಾಸು. ಕಡುಬಿಗೆ ಬರುವ ಪರಿಮಳ ಇದಕ್ಕೂ ಬರುತ್ತದೆ. ಬೀಜ ಎಸೆಯಬೇಡ, ತೊಳೆದು ಒಲೆಯ ಮೇಲಿನ ತಟ್ಟಿಯಲ್ಲಿ ಒಣಗಿಸಿ ಮೇಲೆ ಉದುರಿಸು.

ಕರೆಂಟು ಹೋದರೆ ಕೈ ಕಟ್ಟಿ ಕೂರಬೇಡ. ಸ್ಕಾಟ್ಲೆಂಡಿನಲ್ಲಿ ಹಿಂದೆ ಸ್ಕೋನ್ ಸುಡುತ್ತಿದ್ದುದು ಕಾವಲಿಯ ಮೇಲೆಯೇ. ದಪ್ಪ ಕಬ್ಬಿಣದ ಕಾವಲಿಗೆ ಒಣ ಹಿಟ್ಟು ಉದುರಿಸು, ಹಿಟ್ಟು ಬಣ್ಣ ತಿರುಗಿದರೆ ಕಾವಲಿ ಹದಕ್ಕೆ ಬಂದಿದೆ ಎಂದರ್ಥ. ಅದನ್ನು ಒರೆಸಿ, ಕಿರುಬೆರಳು ದಪ್ಪಕ್ಕೆ ತಟ್ಟಿದ ಸ್ಕೋನ್ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಏಳೆಂಟು ನಿಮಿಷ ಬಿಡು.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆ. ಇವತ್ತು ಮಾಡಿದೆ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ತಂಗಿಗೂ ಫೋನ್ ಮಾಡಿದ್ದೆ. ಅವಳಿರುವ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ತಿಂಡಿ ಮನೆಮಾತಾದದ್ದು ಫ್ಲೋರೆನ್ಸ್ ಬ್ಯೆಲ್ಕಿ ಪೀಟರ್ಸನ್ ಎಂಬವರಿಂದಂತೆ. ಗಂಡ ಆ ರಾಜ್ಯದ ಸರ್ಕಾರದ ಮುಖ್ಯಸ್ಥರಾಗಿದ್ದವರು, ಆಕೆಯೂ 1981ರಿಂದ 1993ರವರೆಗೆ ಆಸ್ಟ್ರೇಲಿಯಾ ಸಂಸತ್ತಿನ ಸೆನೆಟ್ ಸದಸ್ಯೆ. ಲೇಡಿ ಫ್ಲೋ ಎಂದರೆ ಅಲ್ಲಿಯ ಜನಕ್ಕೆ ಸಿಹಿಗುಂಬಳದ ಸ್ಕೋನ್ ನೆನಪಾಗುತ್ತದೆ. ನನಗೆ ಹಿಡಿಸಿದ್ದು ಅವರ ಅಳತೆ: ಎರಡು ಕಪ್ ಹಿಟ್ಟಿಗೆ ಒಂದು ಕಪ್ ಕುಂಬಳ, ಬೆಣ್ಣೆ ಮಾತ್ರ ಒಂದೇ ದೊಡ್ಡ ಚಮಚ. ಮೃದುತನವನ್ನು ಬಹುಪಾಲು ಕುಂಬಳವೇ ಕೊಡುತ್ತದೆ ಎಂದಾಯಿತು. ಅದನ್ನು ಕೇಳಿದ ಮೇಲೆ 50 ಗ್ರಾಂ ಬೆಣ್ಣೆಯನ್ನು 40ಕ್ಕೆ ಇಳಿಸುವ ಧೈರ್ಯ ಬಂತು.

ಗೋಧಿ ಹಿಟ್ಟು 125 ಗ್ರಾಂ, ಮೈದಾ 125 ಗ್ರಾಂ, ಹೊಸ ಬೇಕಿಂಗ್ ಪೌಡರ್ ಎರಡೂವರೆ ಚಮಚ, ಉಪ್ಪು ಅರ್ಧ ಚಮಚ. ಬಟ್ಟೆಯಲ್ಲಿ ಕಟ್ಟಿದ ಕುಂಬಳದಿಂದ ಅರ್ಧ ಲೋಟ ಹಳದಿ ನೀರು ಇಳಿಯಿತು. ಅಷ್ಟೂ ನೀರು ಹಿಂದಿನ ಮೂರು ಸಲ ಸ್ಕೋನಿನೊಳಗೇ ಇತ್ತು ಎಂದು ಪಾತ್ರೆ ನೋಡಿದಾಗ ಅರ್ಥವಾಯಿತು. ಆ ನೀರು ಮಧ್ಯಾಹ್ನದ ಸಾರಿಗೆ ಹೋಯಿತು. ಉಳಿದ ಮುದ್ದೆಯಲ್ಲಿ 150 ಗ್ರಾಂ ತೂಗಿ ತೆಗೆದುಕೊಂಡೆ.

ಬೆಣ್ಣೆ ಉಜ್ಜುವಾಗ ಬೆರಳ ತುದಿಗೆ ತಣ್ಣನೆಯ ಕಾಳು ಕಾಳು ಸಿಗುತ್ತಿತ್ತು. ಕೈ ತನ್ನಷ್ಟಕ್ಕೆ ನಾದಲು ಹೋಗುತ್ತದೆ, ತಡೆದುಕೊಳ್ಳುವುದೇ ಕಷ್ಟ. ಹಿಟ್ಟನ್ನು ಎರಡು ಪಾಲು ಮಾಡಿದೆ. ಒಂದಕ್ಕೆ ಜೋನಿ ಬೆಲ್ಲ ಒಂದು ಚಮಚ, ಏಲಕ್ಕಿ, ಚಿಟಿಕೆ ಜಾಯಿಕಾಯಿ. ಇನ್ನೊಂದಕ್ಕೆ ಹಸಿಮೆಣಸು, ಕರಿಬೇವು, ಶುಂಠಿ. ಬೆಲ್ಲದ ಪಾಲಿಗೆ ಮಜ್ಜಿಗೆ ಬೇಕಾಗಲೇ ಇಲ್ಲ, ಖಾರದ್ದಕ್ಕೆ ಎರಡು ಚಮಚ ಬೇಕಾಯಿತು. ಕಲಸಿದ್ದು ಒರಟೊರಟಾಗಿ, ನೋಡಿದರೆ ಇದೇನು ಅರ್ಧಂಬರ್ಧ ಕೆಲಸ ಎನ್ನಿಸುವಂತಿತ್ತು. ಹಾಗೆಯೇ ಬಿಟ್ಟು ಹದಿನೈದು ನಿಮಿಷ ಮುಚ್ಚಿಟ್ಟೆ.

ಬೆಲ್ಲದ ಐದನ್ನು 220 ಡಿಗ್ರಿಯಲ್ಲಿ 16 ನಿಮಿಷ ಬೇಯಿಸಿದೆ. ಓಟಿಜಿಯ ಗಾಜಿನಿಂದ ನೋಡುತ್ತಲೇ ನಿಂತಿದ್ದೆ. ಆರನೆಯ ನಿಮಿಷಕ್ಕೆ ಪಕ್ಕಗಳು ಸೀಳಿಕೊಂಡು ಮೇಲೆದ್ದವು, ಸೀಳಿನಲ್ಲಿ ಕೇಸರಿ ಬಣ್ಣ ಕಾಣಿಸಿತು. ಮಗಳನ್ನು ಕೂಗಿ ಕರೆದೆ. ಅವು ಹೊರಗೆ ಬರುವಷ್ಟರಲ್ಲಿ ಕರೆಂಟು ಹೋಯಿತು, ಖಾರದ ಐದು ಕಾವಲಿಯ ಮೇಲೆ ಬೆಂದವು. ಸಾಗರದ ಅಕ್ಕ, ನಿಮಗೆ ಎಷ್ಟು ಹೇಳಿದರೂ ಸಾಲದು. ಕಾವಲಿಯವು ಒಲೆಯವುಗಳಷ್ಟು ಎತ್ತರ ಬರಲಿಲ್ಲ, ಆದರೆ ಎರಡೂ ಮಗ್ಗುಲಿಗೆ ಸುಟ್ಟ ಗೋಧಿಯ ಘಮ ಬಂತು. ನನಗೆ ಅವೇ ಹೆಚ್ಚು ರುಚಿಸಿದವು. ಒಂದರಲ್ಲಿ ಮಾತ್ರ ನಡುವೆ ಸ್ವಲ್ಪ ಹಸಿ ಉಳಿದಿತ್ತು, ಅದನ್ನು ದಪ್ಪ ತಟ್ಟಿಬಿಟ್ಟಿದ್ದೆ.

ಅತ್ತೆಗೆ ಖಾರದ್ದು ಒಂದು ಕೊಟ್ಟೆ. ಇದರಲ್ಲಿ ಬೆಲ್ಲ ಇಲ್ಲ ಎಂದು ಎರಡು ಸಲ ಹೇಳಬೇಕಾಯಿತು. ಅಡುಗೆಮನೆಯ ಮಣೆಯ ಮೇಲೆಯೇ ಕುಳಿತು, ಬಿಡಿಸಿ, ಒಳಗನ್ನು ದೀಪದ ಬೆಳಕಿಗೆ ಹಿಡಿದು ನೋಡಿ ತಿಂದರು. ಎರಡು ಗಂಟೆಯ ಮೇಲೆ ಮೀಟರಿನಲ್ಲಿ ನೋಡಿದಾಗ ಅವರ ವೈದ್ಯರು ಹೇಳಿದ್ದ ಮಿತಿಯೊಳಗೇ ಇತ್ತು. ರಾತ್ರಿ ಒಂದು ಚಪಾತಿ ಕಳೆದೆವು. ಮುಂದಿನ ಸಲ ಹಸಿಮೆಣಸು ಬೇಡ, ಹಿತ್ತಿಲಿನ ಸೂಜಿಮೆಣಸು ಹಾಕು ಎಂದಿದ್ದಾರೆ. ಭಾನುವಾರ ಗೋಧಿ ಹಿಟ್ಟನ್ನು ಮುಕ್ಕಾಲು ಪಾಲಿಗೆ ಏರಿಸಿ ನೋಡುತ್ತೇನೆ. ಬೇಕರಿಯ ಅಣ್ಣ, ಆಗ ಮಜ್ಜಿಗೆ ಎಷ್ಟು ಹೆಚ್ಚಿಸಲಿ?